ಸರ್ವಿಸ್ ಆದ ಮೇಲೆ ಕಾರಿನಲ್ಲಿ ಹೊಸ ಸಪ್ಪಳ: ಮೆಕ್ಯಾನಿಕ್ ಕೆಡಿಸಿದ್ದೇ, ಮೊದಲೇ ಕೆಟ್ಟಿತ್ತೇ?

"ಸರ್ವಿಸಿಗೆ ಬಿಡೂಕಿಂತ ಮೊದ್ಲ ಏನೂ ಸಪ್ಪಳ ಇರ್ಲಿಲ್ರೀ. ತಂದ ಮ್ಯಾಲೆ ಶುರುವಾಗೇತಿ." ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಗ್ಯಾರೇಜುಗಳಲ್ಲಿ ಇದು ದಿನನಿತ್ಯದ ಮಾತು. ಅದಕ್ಕೆ ಬರುವ ಉತ್ತರವೂ ಹೆಚ್ಚು ಕಡಿಮೆ ಒಂದೇ: "ಏನೂ ಆಗೂದಿಲ್ರೀ, ನಾಕ್ ದಿನ ಓಡಿಸ್ರಿ, ತಾನ ಹೋಗ್ತೇತಿ."

ಎರಡೂ ಕಡೆಯವರು ಕಾರನ್ನು ಪರೀಕ್ಷಿಸುವ ಮೊದಲೇ ತೀರ್ಪು ಕೊಟ್ಟಾಗಿದೆ. ಮಾಲೀಕರ ಲೆಕ್ಕದಲ್ಲಿ, ಸರ್ವಿಸ್ ಆದ ಮೇಲೆ ಸಪ್ಪಳ ಬಂತು, ಆದ್ದರಿಂದ ಸರ್ವಿಸ್‌ನಿಂದಲೇ ಬಂತು. ಇದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆ: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆದರೆ ಕೆಲವೊಮ್ಮೆ ಕೊಂಬೆಯನ್ನು ಕಾಗೆಯೇ ಮುರಿದಿರುತ್ತದೆ! ಬಿಚ್ಚಿದ ನಟ್ಟು ಸಡಿಲ ಉಳಿದಿರಬಹುದು, ತಪ್ಪು ಆಯಿಲ್ ಬಿದ್ದಿರಬಹುದು. ಹಾಗಾದರೆ ಯಾವುದು ನಿಜ ಎಂದು ತಿಳಿಯುವುದು ಹೇಗೆ? ಎರಡು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಒಂದು, ಸಪ್ಪಳ ಯಾವುದರ ತಾಳಕ್ಕೆ ಬರುತ್ತಿದೆ? ಎರಡು, ಸರ್ವಿಸ್‌ನಲ್ಲಿ ಯಾವ ಯಾವ ಭಾಗಕ್ಕೆ ಕೈ ಹಾಕಿದ್ದಾರೆ?

ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಲ್ಲಿ ಯಾರಾದರೂ ಅಂಥ ಕಾರು ಇಟ್ಟುಕೊಂಡಿದ್ದಾರೆ ಎಂದುಕೊಳ್ಳಿ. ಸರ್ವಿಸ್‌ಗೆ ಹುಬ್ಬಳ್ಳಿಗೆ ಹೋಗಬೇಕು ಎಂದರೆ ನೂರು ಕಿಲೋಮೀಟರಿಗಿಂತ ಹೆಚ್ಚು, ಬೆಂಗಳೂರಿಗೆ ಹೋಗಬೇಕು ಎಂದರೆ ಸುಮಾರು 300 ಕಿಲೋಮೀಟರ್. ಊರಿಗೆ ಬಂದ ಮೇಲೆ ಸಪ್ಪಳ ಶುರುವಾದರೆ, ತಪ್ಪು ಯಾರದು ಎಂಬುದಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಬೇರೆ: ಈ ಕಾರನ್ನು ಮತ್ತೆ ಹೆದ್ದಾರಿಗೆ ಇಳಿಸಬಹುದೇ, ಇಲ್ಲ ಟೋಯಿಂಗ್ ಗಾಡಿ ಕರೆಸಬೇಕೇ?

ಮೊದಲು ಇದನ್ನು ನೋಡಿ: ಓಡಿಸಲೇಬಾರದ ಸಪ್ಪಳಗಳು

ಗಾಲಿ ಬಿಚ್ಚಿ ಹಾಕಿದ ಸರ್ವಿಸ್ ಆಗಿದ್ದರೆ, ಮೊದಲ ಅನುಮಾನ ಗಾಲಿಯ ನಟ್ಟುಗಳ ಮೇಲೆ. ಸಡಿಲ ನಟ್ಟಿನ ಗಾಲಿ ನಿಧಾನ ಓಡುವಾಗ ಕಟ್, ಕಟ್ ಅಥವಾ ದಡ್, ದಡ್ ಎನ್ನುತ್ತದೆ. ವೇಗ ಏರಿದಂತೆ ಆ ಹೊಡೆತಗಳು ಹತ್ತಿರ ಹತ್ತಿರವಾಗಿ ಸ್ಟಿಯರಿಂಗ್ ಅಥವಾ ಸೀಟು ಅದುರತೊಡಗುತ್ತದೆ. ಇಂಥ ಸಪ್ಪಳ ಬಂದರೆ ಊರು ಮುಟ್ಟಿಸಿ ನೋಡೋಣ ಎನ್ನಬೇಡಿ. ರಸ್ತೆ ಬಿಟ್ಟು ನಿಲ್ಲಿಸಿ, ನಟ್ಟುಗಳನ್ನು ನೋಡಿ.

ಗಾಲಿಯನ್ನು ಹಿಡಿದು ನಿಲ್ಲಿಸುವುದು ನಟ್ಟು ತಾನೇ ಅಲ್ಲ, ನಟ್ಟು ಬಿಗಿದಾಗ ಬೋಲ್ಟಿನಲ್ಲಿ ಉಂಟಾಗುವ ಎಳೆತ. ಆ ಎಳೆತ ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಹಬ್ಬಿನ ಮೇಲೆ ತುಕ್ಕು, ಮಣ್ಣು ಅಥವಾ ದಪ್ಪ ಬಣ್ಣ ಉಳಿದಿದ್ದರೆ, ಒಂದಷ್ಟು ದೂರ ಓಡಿದ ಮೇಲೆ ಅದು ಪುಡಿಯಾಗಿ ಎಳೆತ ಕಡಿಮೆಯಾಗುತ್ತದೆ. ಆದ್ದರಿಂದಲೇ ಗಾಲಿ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿತ ಪರೀಕ್ಷಿಸಿ ಎಂದು ಹಲವು ಕಂಪನಿಗಳು ಹೇಳುತ್ತವೆ. ಬೆಂಗಳೂರಿನಿಂದ ಹಲಗೇರಿಗೆ ಬರುವಷ್ಟರಲ್ಲಿ ಆ ದೂರ ಮೂರು ಪಟ್ಟು ದಾಟಿರುತ್ತದೆ.

ಪಾನಾದ ಮೇಲೆ ಕಾಲಿಟ್ಟು ತುಳಿದು ಬಿಗಿಯುವುದು ಪರಿಹಾರವಲ್ಲ. ಸಾಮಾನ್ಯ ಕಾರುಗಳ ನಟ್ಟಿಗೆ ಬೇಕಾದ ಬಿಗಿತ ಸುಮಾರು 100ರಿಂದ 140 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಅತಿಯಾಗಿ ತುಳಿದರೆ ಬೋಲ್ಟು ಹಿಗ್ಗಿ ಹಾಳಾಗುತ್ತದೆ. ನಿಮ್ಮ ಕಾರಿನ ಅಂಕಿ ಅದರ ಕೈಪಿಡಿಯಲ್ಲಿದೆ. ಟಾರ್ಕ್ ರೆಂಚ್ ಇರುವ ಟೈರ್ ಅಂಗಡಿಯಲ್ಲಿ ಆ ಅಂಕಿಗೆ ಬಿಗಿಸಿ. ಪೋರ್ಶೆ 911 ಜಿಟಿ3ಯಂಥ ಕೆಲವು ಕಾರುಗಳಲ್ಲಿ ಐದು ನಟ್ಟುಗಳ ಬದಲು ನಡುವೆ ಒಂದೇ ದೊಡ್ಡ ನಟ್ಟು ಇರುತ್ತದೆ. ಅದಕ್ಕೆ ಬೇಕಾದ ಬಿಗಿತ 600 ನ್ಯೂಟನ್ ಮೀಟರ್‌ನಷ್ಟು. ಪಂಕ್ಚರ್ ಅಂಗಡಿಯ ಪಾನಾಕ್ಕೆ ಅದು ಒಗ್ಗುವ ಕೆಲಸವಲ್ಲ.

ಇನ್ನೂ ನಾಲ್ಕು ಸಂದರ್ಭಗಳಲ್ಲಿ ಕಾರನ್ನು ಅಲ್ಲೇ ನಿಲ್ಲಿಸಬೇಕು. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಸಪ್ಪಳ ಬಂದರೆ ಅಥವಾ ಪೆಡಲ್ ಮೆತ್ತಗೆ ಕೆಳಗಿಳಿದರೆ. ಎಂಜಿನ್‌ನಿಂದ ಟಕಟಕ ಸಪ್ಪಳದ ಜೊತೆ ಆಯಿಲ್ ದೀಪ ಹೊತ್ತಿದರೆ. ಸುಟ್ಟ ವಾಸನೆ ಬಂದರೆ. ಸ್ಟಿಯರಿಂಗ್ ಒಂದೇ ಸಮ ಅದುರಿದರೆ ಅಥವಾ ಇದ್ದಕ್ಕಿದ್ದಂತೆ ಒಂದು ಕಡೆಗೆ ಎಳೆದರೆ. ಬ್ರೇಕ್ ಪ್ಯಾಡ್ ಬದಲಿಸಿದ ಕಾರನ್ನು ಹೊರಗೆ ತರುವಾಗ ಇನ್ನೊಂದು ಎಚ್ಚರಿಕೆ ಬೇಕು. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ. ಪೆಡಲ್ ಹಲವು ಸಲ ಒತ್ತಿ ಅದನ್ನು ಮತ್ತೆ ಮುಂದಕ್ಕೆ ತರದಿದ್ದರೆ ಮೊದಲ ಬ್ರೇಕ್ ಹಿಡಿಯುವುದಿಲ್ಲ. ಇದು ಮೆಕ್ಯಾನಿಕ್ ಮಾಡಬೇಕಾದ ಕೆಲಸವೇ. ಆದರೂ ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗಿದೆಯೇ ಎಂದು ಕಾಲಿಟ್ಟು ನೋಡಿಕೊಳ್ಳಿ.

ಸಪ್ಪಳ ಯಾವುದರ ತಾಳಕ್ಕೆ ಬರುತ್ತಿದೆ?

ಅಪಾಯದ ಲಕ್ಷಣ ಯಾವುದೂ ಇಲ್ಲ ಎಂದಾದರೆ ಈಗ ಪತ್ತೇದಾರಿ. ಓಡುವ ಕಾರಿನಲ್ಲಿ ಮೂರು ತಾಳಗಳಿವೆ. ಎಂಜಿನ್‌ದು ಒಂದು, ಗಾಲಿಯದು ಇನ್ನೊಂದು, ರಸ್ತೆಯದು ಮೂರನೆಯದು. ಹೆಚ್ಚಿನ ಸಪ್ಪಳಗಳು ಇವುಗಳಲ್ಲಿ ಒಂದರ ಜೊತೆ ಹೆಜ್ಜೆ ಹಾಕುತ್ತವೆ.

ಗಾಲಿಯ ತಾಳವನ್ನು ಲೆಕ್ಕ ಹಾಕುವುದು ಸುಲಭ. 205/55 ಆರ್16 ಎಂದು ಬರೆದಿರುವ ಟೈರನ್ನು ತೆಗೆದುಕೊಳ್ಳಿ. ಅದರ ವ್ಯಾಸ ಸುಮಾರು 63 ಸೆಂಟಿಮೀಟರ್, ಸುತ್ತಳತೆ ಸುಮಾರು 2 ಮೀಟರ್. ಅಂದರೆ ಗಾಲಿ ಒಂದು ಸುತ್ತು ಹಾಕಿದರೆ ಕಾರು 2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 36 ಕಿಲೋಮೀಟರ್ ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದಲ್ಲಿ ಗಾಲಿ ಸೆಕೆಂಡಿಗೆ 5 ಸುತ್ತು ಹಾಕುತ್ತದೆ. ಟೈರಿನಲ್ಲಿ ಒಂದು ಕಲ್ಲು ಅಥವಾ ಮೊಳೆ ಸಿಕ್ಕಿಕೊಂಡಿದ್ದರೆ ಸೆಕೆಂಡಿಗೆ 5 ಸಲ ಟಿಕ್ ಎನ್ನುತ್ತದೆ. ವೇಗವನ್ನು 7 ಕಿಲೋಮೀಟರಿಗೆ ಇಳಿಸಿದರೆ ಸೆಕೆಂಡಿಗೆ ಒಂದೇ ಸಲ. ಅದನ್ನು ಬೆರಳಲ್ಲೇ ಎಣಿಸಬಹುದು.

ಎಂಜಿನ್ ಇದಕ್ಕಿಂತ ಬಹಳ ಜೋರಾಗಿ ತಿರುಗುತ್ತದೆ. ಕಾರು ನಿಂತು ಎಂಜಿನ್ ನಿಮಿಷಕ್ಕೆ 800 ಸುತ್ತು ಓಡುತ್ತಿದ್ದರೂ ಸೆಕೆಂಡಿಗೆ 13 ಸುತ್ತಾಯಿತು. 3,000 ಸುತ್ತಿಗೆ ಏರಿಸಿದರೆ ಸೆಕೆಂಡಿಗೆ 50. ನಾಲ್ಕು ಸಿಲಿಂಡರಿನ ಎಂಜಿನ್‌ನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಇಂಧನ ಉರಿಯುವುದರಿಂದ ಆಗ ಹೊರಡುವ ಮುಖ್ಯ ನಾದ ಸೆಕೆಂಡಿಗೆ 100 ಕಂಪನ, ಅಂದರೆ 100 ಹರ್ಟ್ಸ್. ಕವಾಟಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದು ಕವಾಟದ ಟಿಕ್‌ಟಿಕ್ 800 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 7 ಸಲ ಬರುತ್ತದೆ.

ಇವನ್ನು ಬೇರ್ಪಡಿಸಲು ಯಾವ ಯಂತ್ರವೂ ಬೇಡ. ಕಾರನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ವೇಗವನ್ನು ಮೆಲ್ಲಗೆ ಏರಿಸಿ. ಸಪ್ಪಳ ಬಂತೇ? ಹಾಗಾದರೆ ಅದು ಎಂಜಿನ್ ಕಡೆಯದು, ಗಾಲಿಯದಲ್ಲ. ಬರಲಿಲ್ಲವೇ? ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿ ಓಡಿಸಿ, ಅದೇ ವೇಗದಲ್ಲಿ ನಾಲ್ಕನೇ ಗೇರಿಗೆ ಬನ್ನಿ. ಎಂಜಿನ್ ವೇಗ ಇಳಿಯುತ್ತದೆ, ಗಾಲಿಯ ವೇಗ ಅಷ್ಟೇ ಇರುತ್ತದೆ. ಸಪ್ಪಳ ಬದಲಾಗದಿದ್ದರೆ ಅದು ಗಾಲಿ, ಟೈರು, ಬೇರಿಂಗು ಅಥವಾ ಬ್ರೇಕಿನದು. ಗುಂಡಿ, ಉಬ್ಬುಗಳ ಮೇಲೆ ಮಾತ್ರ ಬಂದರೆ ಅದು ಸಸ್ಪೆನ್ಷನ್ ಅಥವಾ ಸಡಿಲವಾಗಿ ನೇತಾಡುವ ಯಾವುದೋ ಭಾಗದ್ದು. ಪರೀಕ್ಷೆ ಮಾಡುವಾಗ ಓಡುತ್ತಿರುವ ಕಾರಿನ ಎಂಜಿನ್ ಆಫ್ ಮಾಡಬೇಡಿ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ನೆರವು ನಿಲ್ಲುತ್ತದೆ.

ಬೇರಿಂಗಿಗೆ ಇನ್ನೊಂದು ಗುರುತಿದೆ. ಗುಂಯ್ ಎಂಬ ಅದರ ಸದ್ದು ವೇಗದೊಂದಿಗೆ ಏರುತ್ತದೆ, ತಿರುವಿನಲ್ಲಿ ಬದಲಾಗುತ್ತದೆ. ಕಾರು ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗಿನ ಮೇಲೆ ಅನುಮಾನ. ಬಲಕ್ಕೆ ತಿರುಗುವಾಗ ಜೋರಾದರೆ ಎಡಗಡೆಯದರ ಮೇಲೆ.

ಸರ್ವಿಸ್‌ನಲ್ಲಿ ಎಲ್ಲಿ ಕೈ ಹಾಕಿದ್ದಾರೆ?

ಈಗ ಎರಡನೇ ಪ್ರಶ್ನೆ. ಸರ್ವಿಸ್ ಕೇಂದ್ರ ಕೊಟ್ಟ ಜಾಬ್ ಕಾರ್ಡ್ ಮತ್ತು ಬಿಲ್ಲನ್ನು ತೆಗೆದು ಓದಿ. ಅಲ್ಲಿರುವ ಒಂದೊಂದು ಸಾಲಿಗೂ ತನ್ನದೇ ಆದ ಸಪ್ಪಳವಿದೆ.

ಆಯಿಲ್ ಬದಲಿಸಿದ್ದರೆ, ಕಾರಿನ ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿ ಹಾಕಿರುತ್ತಾರೆ. ಸ್ಪೋರ್ಟ್ಸ್ ಕಾರುಗಳಲ್ಲಿ ಗಾಳಿ ಸರಾಗವಾಗಿ ಹರಿಯಲಿ ಎಂದು ಈ ತಟ್ಟೆ ದೊಡ್ಡದಾಗಿರುತ್ತದೆ, ಅದಕ್ಕೆ ಹತ್ತಾರು ಸ್ಕ್ರೂ, ಕ್ಲಿಪ್ಪುಗಳಿರುತ್ತವೆ. ಎರಡು ಕ್ಲಿಪ್ಪು ಬಿಟ್ಟುಹೋದರೂ 60-70 ಕಿಲೋಮೀಟರ್ ವೇಗ ದಾಟಿದ ಮೇಲೆ ಪಟಪಟ ಬಡಿದುಕೊಳ್ಳುತ್ತದೆ. ನಿಧಾನಿಸಿದರೆ ನಿಲ್ಲುತ್ತದೆ. ಕೇಳಲು ಭಯಂಕರ, ರಿಪೇರಿ ಅಗ್ಗ. ಹಾಗೆಂದು ಬಿಟ್ಟರೆ ಒಂದು ದಿನ ಕಳಚಿ ಗಾಲಿಯ ಕೆಳಗೆ ಸಿಗುತ್ತದೆ.

ಏರ್ ಫಿಲ್ಟರ್ ಬದಲಿಸಿದ್ದರೆ, ಅದರ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದೇ ಇರಬಹುದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗಾಳಿ ಹೀರುವ ಸದ್ದು ಜೋರಾಗುತ್ತದೆ. ಟರ್ಬೊ ಕಾರಿನಲ್ಲಿ ಸುಯ್ ಎಂಬ ಸದ್ದಿನ ಜೊತೆ ಎಳೆತವೂ ಕುಗ್ಗಿದ್ದರೆ, ಗಾಳಿಯ ಪೈಪು ಎಲ್ಲೋ ಸಡಿಲವಾಗಿದೆ. ಎ.ಸಿ. ಫಿಲ್ಟರ್ ಬದಲಿಸುವಾಗ ಒಣಗಿದ ಎಲೆಯೊಂದು ಬ್ಲೋವರ್ ಒಳಗೆ ಬಿದ್ದರೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಟರ್ರ್ ಎನ್ನುತ್ತದೆ. ಫ್ಯಾನಿನ ವೇಗ ಬದಲಿಸಿ ನೋಡಿ. ಸಪ್ಪಳವೂ ಬದಲಾದರೆ ಅಪರಾಧಿ ಸಿಕ್ಕಂತೆ.

ಬ್ರೇಕ್ ಕೆಲಸ ಮಾಡಿಸಿದ್ದರೆ, ಡಿಸ್ಕಿನ ಹಿಂದೆ ಇರುವ ತೆಳುವಾದ ತಗಡು ಸ್ವಲ್ಪ ಬಾಗಿ ಡಿಸ್ಕಿಗೆ ತಾಗುತ್ತಿರಬಹುದು. ಸರ್ ಸರ್ ಎಂದು ಗಾಲಿಯ ತಾಳಕ್ಕೆ ಸರಿಯಾಗಿ ಬರುತ್ತದೆ. ಹೊಸ ಪ್ಯಾಡ್ ಮತ್ತು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಒಂದಿಷ್ಟು ಕೀಚಲು ಸದ್ದು ಸಹಜ. ಟ್ರ್ಯಾಕ್ ಓಟಕ್ಕೆಂದು ಮಾಡಿದ ಪ್ಯಾಡುಗಳು ಮತ್ತು ಕಾರ್ಬನ್ ಸೆರಾಮಿಕ್ ಡಿಸ್ಕುಗಳು ತಣ್ಣಗಿರುವಾಗ ಕಿರುಚುವುದೂ ಉಂಟು. ಕಾರು ತೊಳೆದು ರಾತ್ರಿಯಿಡೀ ನಿಲ್ಲಿಸಿದರೆ ಕಬ್ಬಿಣದ ಡಿಸ್ಕಿನ ಮೇಲೆ ತೆಳು ತುಕ್ಕು ಬಂದು, ಬೆಳಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಗರಗರ ಎನ್ನುತ್ತದೆ, ಆಮೇಲೆ ನಿಲ್ಲುತ್ತದೆ. ಇಲ್ಲಿ "ತಾನ ಹೋಗ್ತೇತಿ" ಎಂಬ ಮಾತು ನಿಜ.

ಟೈರುಗಳ ಜಾಗ ಬದಲಿಸಿದ್ದರೆ ಕಥೆ ಸ್ವಾರಸ್ಯಕರ. ಹಿಂದಿನ ಟೈರಿನ ಗುಂಡಿಗಳು ಗರಗಸದ ಹಲ್ಲಿನಂತೆ ಏರುಪೇರಾಗಿ ಸವೆದಿರುತ್ತವೆ. ಸದ್ದು ಹಿಂದೆಯೇ ಇತ್ತು, ನೀವು ಅದಕ್ಕೆ ಒಗ್ಗಿಹೋಗಿದ್ದಿರಿ. ಆ ಟೈರು ಮುಂದಕ್ಕೆ ಬಂದಾಗ ಸದ್ದೂ ನಿಮ್ಮ ಕಿವಿಯ ಹತ್ತಿರ ಬರುತ್ತದೆ. ಸರ್ವಿಸ್ ಹೊಸದಾಗಿ ಏನನ್ನೂ ಕೆಡಿಸಿಲ್ಲ, ಹಳೆಯ ಕೆಡುಕನ್ನು ಮುಂದೆ ತಂದಿದೆ. ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುವುದರಿಂದ ಹಿಂದೆಮುಂದೆ ಬದಲಿಸಲು ಬರುವುದೇ ಇಲ್ಲ. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರಿನ ಬದಿಯಲ್ಲಿ ಬಾಣದ ಗುರುತಿರುತ್ತದೆ. ಆ ಬಾಣ ಕಾರು ಮುಂದೆ ಹೋಗುವಾಗ ಗಾಲಿ ತಿರುಗುವ ದಿಕ್ಕಿಗೇ ಇದೆಯೇ ಎಂದು ನೀವೇ ನೋಡಬಹುದು. ತಿರುವುಮುರುವಾಗಿ ಹಾಕಿದ್ದರೆ ಸದ್ದು ಹೆಚ್ಚುವುದಷ್ಟೇ ಅಲ್ಲ, ಮಳೆಯಲ್ಲಿ ನೀರು ಹೊರತಳ್ಳುವ ಶಕ್ತಿಯೂ ಕುಗ್ಗುತ್ತದೆ.

ತಿರುಗುವಾಗ ಮಾತ್ರ ನರಳುವ ಕಾರು

ಸ್ಪೋರ್ಟ್ಸ್ ಕಾರುಗಳಿಗೇ ವಿಶೇಷವಾದ ಒಂದು ಸಪ್ಪಳವಿದೆ. ನೇರ ರಸ್ತೆಯಲ್ಲಿ ಏನೂ ಇಲ್ಲ. ಮನೆಯ ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಟರೆ ಹಿಂದಿನಿಂದ ಗುರ್ರ್, ಗುರ್ರ್ ಎಂಬ ನರಳಾಟ, ಜೊತೆಗೆ ನಡುಕ. ಬಿಲ್ಲಿನಲ್ಲಿ ಡಿಫರೆನ್ಷಿಯಲ್ ಆಯಿಲ್ ಎಂಬ ಸಾಲು ಇದ್ದರೆ ಉತ್ತರ ಹೆಚ್ಚು ಕಡಿಮೆ ಅಲ್ಲೇ ಇದೆ.

ಚಕ್ಕಡಿಯನ್ನು ನೆನೆಸಿಕೊಳ್ಳಿ. ಅದರ ಎರಡು ಗಾಲಿಗಳೂ ಅಚ್ಚಿನ ತುದಿಯಲ್ಲಿ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಚಕ್ಕಡಿ ತಿರುವು ತೆಗೆದುಕೊಂಡಾಗ ಹೊರಗಿನ ಗಾಲಿ ಹೆಚ್ಚು ದೂರ ಓಡುತ್ತದೆ, ಒಳಗಿನದು ಕಡಿಮೆ. ಎಷ್ಟು ವ್ಯತ್ಯಾಸ? ಎರಡು ಗಾಲಿಗಳ ನಡುವೆ ಒಂದೂವರೆ ಮೀಟರ್ ಇದ್ದರೆ, ಒಂದು ಪೂರ್ತಿ ಸುತ್ತಿಗೆ ಹೊರಗಿನ ಗಾಲಿ ಸುಮಾರು 9.4 ಮೀಟರ್ ಹೆಚ್ಚು ಓಡುತ್ತದೆ. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ.

ಚಕ್ಕಡಿಯಲ್ಲಿ ಎಳೆಯುವುದು ಎತ್ತು, ಆದ್ದರಿಂದ ಗಾಲಿಗಳು ಬಿಡಿಬಿಡಿಯಾಗಿರಬಹುದು. ಕಾರಿನಲ್ಲಿ ಎಂಜಿನ್ ಆ ಗಾಲಿಗಳನ್ನೇ ತಿರುಗಿಸಬೇಕು, ಆದರೂ ಎರಡಕ್ಕೂ ಬೇರೆ ಬೇರೆ ವೇಗದ ಅವಕಾಶ ಕೊಡಬೇಕು. ಆ ಕೆಲಸ ಡಿಫರೆನ್ಷಿಯಲ್‌ನದು. ಸಾಮಾನ್ಯ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ: ಒಂದು ಗಾಲಿ ಜಾರತೊಡಗಿದರೆ ಆ ಗಾಲಿಯೇ ಸುಮ್ಮನೆ ಸುತ್ತುತ್ತದೆ, ಇನ್ನೊಂದಕ್ಕೆ ಎಳೆತ ಸಿಗುವುದಿಲ್ಲ. ಇದನ್ನು ತಪ್ಪಿಸಲು ಹಲವು ಸ್ಪೋರ್ಟ್ಸ್ ಕಾರುಗಳಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕುತ್ತಾರೆ. ಅದರ ಒಂದು ಬಗೆಯಲ್ಲಿ ಕ್ಲಚ್ಚಿನಂಥ ತೆಳು ಬಿಲ್ಲೆಗಳ ಕಟ್ಟು ಇರುತ್ತದೆ. ಎರಡು ಗಾಲಿಗಳ ವೇಗ ತೀರಾ ಬೇರೆಯಾಗದಂತೆ ಈ ಬಿಲ್ಲೆಗಳು ಒಂದನ್ನೊಂದು ಉಜ್ಜಿ ತಡೆಯುತ್ತವೆ.

ಸಪ್ಪಳ ಹುಟ್ಟುವುದು ಈ ಉಜ್ಜಾಟದಲ್ಲಿ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಜಾರುತ್ತಿರುವ ವಸ್ತುವನ್ನು ಜಾರಿಸುತ್ತಿರಲು ಬೇಕಾದ ಬಲಕ್ಕಿಂತ ಹೆಚ್ಚು. ಗೋದಿ ಚೀಲವನ್ನು ನೆಲದ ಮೇಲೆ ಎಳೆದವರಿಗೆ ಇದು ಗೊತ್ತು. ಹೀಗಾಗಿ ಬಿಲ್ಲೆಗಳು ಅಂಟಿಕೊಳ್ಳುತ್ತವೆ, ಬಲ ಹೆಚ್ಚಿದಾಗ ತಟ್ಟನೆ ಜಾರುತ್ತವೆ, ಮತ್ತೆ ಅಂಟುತ್ತವೆ. ಸೆಕೆಂಡಿಗೆ ಹತ್ತಾರು ಸಲ ಹೀಗಾದರೆ ಕಾರು ನರಳುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ, ಹಳೆ ಬಾಗಿಲ ಕೀಲು ಕಿರ್ ಎನ್ನುವುದೂ ಇದೇ ಅಂಟು-ಜಾರು ಆಟದಿಂದ. ಕೀಲಿಗೆ ಎಣ್ಣೆ ಬಿಟ್ಟರೆ ಕಿರ್ ನಿಲ್ಲುತ್ತದೆ. ಆದರೆ ಡಿಫರೆನ್ಷಿಯಲ್‌ನಲ್ಲಿ ಬರೀ ನುಣುಪು ಸಾಲದು, ಬಿಲ್ಲೆಗಳು ಹಿಡಿಯಲೂ ಬೇಕು, ಅಂಟದೆ ಜಾರಲೂ ಬೇಕು. ಆದ್ದರಿಂದ ಆಯಿಲ್‌ಗೆ ಘರ್ಷಣೆಯನ್ನು ಹದಗೊಳಿಸುವ ವಿಶೇಷ ದ್ರವವನ್ನು ಸೇರಿಸಿರುತ್ತಾರೆ. ಫೋರ್ಡ್ ಮಸ್ಟಾಂಗ್‌ನಲ್ಲಿ ಬಳಸಿದ ಬಿಲ್ಲೆ ಮಾದರಿಯ ಡಿಫರೆನ್ಷಿಯಲ್‌ಗೆ ಕಂಪನಿಯೇ ಇಂಥ ದ್ರವವನ್ನು ಹೇಳಿದೆ. ಅದಿಲ್ಲದ ಸಾಮಾನ್ಯ ಗೇರ್ ಆಯಿಲ್ ಬಿದ್ದರೆ, ಆಯಿಲ್ ಹೊಸದು, ಒಳ್ಳೆಯದು, ದುಬಾರಿ ಆಗಿದ್ದರೂ ಕಾರು ನರಳುತ್ತದೆ.

ಪರಿಹಾರ ಡಿಫರೆನ್ಷಿಯಲ್ ಬದಲಿಸುವುದಲ್ಲ. ಸರಿಯಾದ ಆಯಿಲ್ ಹಾಕಿಸಿ, ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಕೆಲವು ಸುತ್ತು ಓಡಿಸಿದರೆ ಆಯಿಲ್ ಬಿಲ್ಲೆಗಳ ನಡುವೆ ಸೇರಿ ಸಪ್ಪಳ ನಿಲ್ಲಬೇಕು. ನಿಲ್ಲದಿದ್ದರೆ ಬಿಲ್ಲೆಗಳೇ ಸವೆದಿವೆಯೇ ಎಂದು ನೋಡಬೇಕು. ಬಿಲ್ಲೆಗಳ ಬದಲು ಗೇರುಗಳಿಂದಲೇ ಕೆಲಸ ಮಾಡುವ ಡಿಫರೆನ್ಷಿಯಲ್‌ಗಳೂ ಇವೆ, ಅವಕ್ಕೆ ಈ ದ್ರವದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಯಾರದೋ ಕಾರಿಗೆ ಹಾಕಿದ್ದನ್ನು ನಿಮ್ಮ ಕಾರಿಗೆ ಹಾಕಿಸದೆ ಕೈಪಿಡಿ ನೋಡಿ.

ಸರ್ವಿಸ್‌ಗೂ ಸಪ್ಪಳಕ್ಕೂ ಸಂಬಂಧವೇ ಇಲ್ಲದಿದ್ದರೆ?

ಸರ್ವಿಸ್ ಕೇಂದ್ರದಿಂದ ಮನೆಗೆ ಬರುವ ದಾರಿಯಲ್ಲೂ ಕಾರಿಗೆ ಏನಾದರೂ ಆಗಬಹುದು. ಸುಗ್ಗಿಯ ದಿನಗಳಲ್ಲಿ ನಮ್ಮ ಹಳ್ಳಿ ರಸ್ತೆಗಳೇ ಕಣಗಳು. ರಾಗಿ, ಹುರುಳಿ, ಜೋಳದ ತೆನೆಗಳನ್ನು ವಾಹನಗಳ ಗಾಲಿಯಿಂದಲೇ ಒಕ್ಕಣೆ ಆಗಲಿ ಎಂದು ರಸ್ತೆಯ ಮೇಲೆ ಹರಡಿರುತ್ತಾರೆ, ಮೆಕ್ಕೆಜೋಳ ಒಣಗಲು ಹಾಕಿರುತ್ತಾರೆ. ನೆಲಕ್ಕೆ ಹತ್ತಿರವಿರುವ ಕಾರು ಅದರ ಮೇಲೆ ಹಾದರೆ ಹುಲ್ಲು ಕೆಳಗಿನ ಶಾಫ್ಟಿಗೆ ಸುತ್ತಿಕೊಂಡು ಸರಸರ ಎನ್ನುತ್ತದೆ. ಇಲ್ಲಿ ಸಪ್ಪಳ ಸಣ್ಣ ವಿಷಯ, ಬೆಂಕಿ ದೊಡ್ಡದು. ಸೈಲೆನ್ಸರ್ ಕೊಳವೆ ಮತ್ತು ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲವು ನೂರು ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತವೆ, ಒಣ ಹುಲ್ಲು ಹೊತ್ತಿಕೊಳ್ಳಲು ಅಷ್ಟು ಸಾಕು. ರಾಜ್ಯದ ಹಲವೆಡೆ ಹೀಗೆ ಹುಲ್ಲು ಸುತ್ತಿಕೊಂಡು ಕಾರುಗಳು ಸುಟ್ಟುಹೋಗಿವೆ. ಹುಲ್ಲಿನ ಮೇಲೆ ಹಾಯುವುದನ್ನು ತಪ್ಪಿಸಿ. ಹಾದುಬಂದಿದ್ದರೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಆದರೆ ಹುಲ್ಲಿನ ರಾಶಿಯ ಮೇಲೆಯೇ ನಿಲ್ಲಿಸಬೇಡಿ.

ಇನ್ನೊಂದು ರಸ್ತೆ ಉಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಊರವರೇ ಸೇರಿ ಹಾಕಿಸಿದ ಉಬ್ಬುಗಳಿಗೆ ಈ ಅಳತೆ ಗೊತ್ತಿಲ್ಲ. ನೆಲದಿಂದ 12-13 ಸೆಂಟಿಮೀಟರ್ ಮಾತ್ರ ಮೇಲಿರುವ ಕಾರಿನ ಹೊಟ್ಟೆ ಅಲ್ಲಿ ಉಜ್ಜಿ, ಶಾಖ ತಡೆಯುವ ತಗಡು ಬಾಗಿ, ಎಂಜಿನ್‌ನ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಜಿರ್ ಎನ್ನತೊಡಗುತ್ತದೆ. ಒಂದೇ ವೇಗದಲ್ಲಿ ಏಕೆ? ಪ್ರತಿ ತಗಡಿಗೂ ತನ್ನದೇ ಆದ ಕಂಪನವಿದೆ. ಎಂಜಿನ್‌ನ ನಡುಕ ಅದಕ್ಕೆ ಸರಿಹೊಂದಿದಾಗ ಮಾತ್ರ ಅದು ಮಾತಾಡುತ್ತದೆ. ಇದೇ ಅನುರಣನ.

ಕೇಳಿದ ಜಾಗವೇ ಹುಟ್ಟಿದ ಜಾಗವಲ್ಲ

ಹಳೆಯ ಮೇಸ್ತ್ರಿಗಳು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ತಾಗಿಸಿ, ಹಿಡಿಯನ್ನು ಕಿವಿಯ ಬಳಿ ಇಟ್ಟು ಕೇಳುವುದನ್ನು ನೋಡಿರಬಹುದು. ಇದು ಬರೀ ಶೋಕಿಯಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಸಾಗುತ್ತದೆ, ಅದೂ ಹೆಚ್ಚು ಕುಂದದೆ. ತಾಗಿಸಿದ ಜಾಗದ ಕಂಪನ ನೇರ ಕಿವಿಗೆ ಬರುತ್ತದೆ, ಸುತ್ತಲಿನ ಗದ್ದಲ ಹಿಂದೆ ಸರಿಯುತ್ತದೆ. ಆದರೆ ತಿರುಗುವ ಬೆಲ್ಟು, ಫ್ಯಾನುಗಳ ನಡುವೆ ಈ ಸಾಹಸ ನಿಮಗೆ ಬೇಡ. ಎಂಜಿನ್ ನಿಂತ ಮೇಲೂ ಫ್ಯಾನು ತಾನೇ ತಿರುಗಬಹುದು.

ಉಕ್ಕಿನ ಇದೇ ಗುಣ ನಮ್ಮನ್ನು ದಾರಿ ತಪ್ಪಿಸುತ್ತದೆ ಕೂಡ. ಹಿಂದಿನ ಗಾಲಿಯಲ್ಲಿ ಹುಟ್ಟಿದ ಸದ್ದು ಚಾಸಿಗುಂಟ ಹರಿದು ಮುಂದಿನ ಬಾಗಿಲಲ್ಲಿ ಕೇಳಿಸಬಹುದು. ಸ್ಪೋರ್ಟ್ಸ್ ಕಾರುಗಳಲ್ಲಿ ರಬ್ಬರ್ ಬುಷ್‌ಗಳು ಗಟ್ಟಿ, ಟೈರಿನ ಗೋಡೆ ಗಿಡ್ಡ, ಶಬ್ದ ತಡೆಯುವ ಪದರ ಕಡಿಮೆ. ಹೀಗಾಗಿ ಮಾಮೂಲಿ ಕಾರಿನಲ್ಲಿ ಅಡಗಿಹೋಗುವ ಸಪ್ಪಳ ಇಲ್ಲಿ ಎದ್ದು ಕೇಳುತ್ತದೆ. ಸಾವಿರಾರು ರೂಪಾಯಿ ಬಿಲ್ ಕಟ್ಟಿ ಬಂದ ದಿನ ನಮ್ಮ ಕಿವಿಯೂ ಚುರುಕಾಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದ್ದರಿಂದ ಸರ್ವಿಸ್‌ಗೆ ಬಿಡುವ ಮೊದಲೇ ಒಂದು ನಿಮಿಷ ಕಾರಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ, ಆಮೇಲೆ ಹೋಲಿಸಲು ಸಾಕ್ಷಿ ಸಿಗುತ್ತದೆ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಸದ್ದಿನ ಆವರ್ತನವನ್ನೂ ಅಳೆಯಬಹುದು. ಮೊಬೈಲ್ ಹಿಡಿಯುವ ಕೆಲಸ ಮಾತ್ರ ಪಕ್ಕದಲ್ಲಿ ಕೂತವರದಾಗಿರಲಿ.

ಮೂರು ತಪ್ಪು ನಂಬಿಕೆಗಳು

"ದಪ್ಪ ಆಯಿಲ್ ಹಾಕಿದರೆ ಎಂಜಿನ್ ಸಪ್ಪಳ ಹೋಗುತ್ತದೆ." ಸದ್ದು ಮುಚ್ಚಿಹೋಗಬಹುದು, ಕಾರಣ ಉಳಿಯುತ್ತದೆ. ತಣ್ಣಗಿರುವಾಗ ದಪ್ಪ ಆಯಿಲ್ ಮೇಲಿನ ಭಾಗಗಳಿಗೆ ತಡವಾಗಿ ತಲುಪಿ ಸವೆತ ಹೆಚ್ಚಿಸಬಹುದು.

"ಸಪ್ಪಳ ನಿಂತಿತು, ಸರಿಹೋಯಿತು." ಯಾವಾಗಲೂ ಅಲ್ಲ. ಹಲವು ಬ್ರೇಕ್ ಪ್ಯಾಡುಗಳಲ್ಲಿ ಪದರ ಸವೆದು ತೆಳ್ಳಗಾದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಒಂದು ಲೋಹದ ನಾಲಿಗೆ ಇಟ್ಟಿರುತ್ತಾರೆ. ಆ ನಾಲಿಗೆ ಮುರಿದು ಬಿದ್ದರೂ ಕಿರುಚಾಟ ನಿಲ್ಲುತ್ತದೆ.

"ಸ್ಪೋರ್ಟ್ಸ್ ಕಾರು ಅಂದರೆ ಸದ್ದು ಇದ್ದದ್ದೇ." ಸದ್ದು ಇರುತ್ತದೆ ನಿಜ. ಆದರೆ ನಿನ್ನೆ ಇಲ್ಲದ್ದು ಇಂದು ಬಂದರೆ ಅದಕ್ಕೊಂದು ಕಾರಣವಿದೆ.

ಸರ್ವಿಸ್ ಕೇಂದ್ರಕ್ಕೆ ಏನು ಹೇಳಬೇಕು?

"ಏನೋ ಸಪ್ಪಳ ಬರ್ತೇತಿ" ಎಂದರೆ ಅವರು ಒಂದು ಸುತ್ತು ಓಡಿಸಿ "ನಮಗ ಕೇಳ್ಲಿಲ್ರೀ" ಎಂದು ಕೀಲಿ ವಾಪಸು ಕೊಡುತ್ತಾರೆ. ಅದರ ಬದಲು ಹೀಗೆ ಬರೆದುಕೊಡಿ: "ಸರ್ವಿಸ್ ಆಗಿ 320 ಕಿ.ಮೀ. ಓಡಿದೆ. 40 ಕಿ.ಮೀ. ವೇಗ ದಾಟಿದ ಮೇಲೆ ಗುಂಯ್ ಎನ್ನುತ್ತದೆ. ಗೇರ್ ಬದಲಿಸಿದರೆ ವ್ಯತ್ಯಾಸವಿಲ್ಲ. ಎಡಕ್ಕೆ ತಿರುಗಿದಾಗ ಜೋರು. ಎಂಜಿನ್ ಬಿಸಿ ಇರಲಿ, ತಣ್ಣಗಿರಲಿ ಬರುತ್ತದೆ." ಇಷ್ಟು ಓದಿದ ಮೆಕ್ಯಾನಿಕ್ ನೇರವಾಗಿ ಬಲಗಡೆಯ ಬೇರಿಂಗಿಗೆ ಹೋಗುತ್ತಾನೆ. ಎಂಜಿನ್ ಬಿಚ್ಚುವ ಪ್ರಶ್ನೆಯೇ ಬರುವುದಿಲ್ಲ, ನಿಮ್ಮ ದುಡ್ಡೂ ಉಳಿಯುತ್ತದೆ. ಮೆಕ್ಯಾನಿಕ್ ಓಡಿಸಿ ನೋಡುವಾಗ ನೀವೂ ಜೊತೆಗೆ ಕೂತು, ಸಪ್ಪಳ ಬಂದ ಕ್ಷಣದಲ್ಲಿ ತೋರಿಸಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ನೋಡಿ.

ಸರ್ವಿಸ್‌ನದೇ ತಪ್ಪು ಎಂದು ಖಚಿತವಾಗಿ, ಅವರು ಒಪ್ಪದಿದ್ದರೆ, ಜಾಬ್ ಕಾರ್ಡ್, ಬಿಲ್ಲು ಮತ್ತು ದಿನಾಂಕ ಸಹಿತ ರೆಕಾರ್ಡಿಂಗ್ ನಿಮ್ಮ ಬಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆಗೆ ಪರಿಹಾರ ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ಅಂದರೆ ಸರ್ವಿಸ್ ಬೆಂಗಳೂರಿನಲ್ಲಿ ಆಗಿದ್ದರೂ ಹಲಗೇರಿಯವರು ಹಾವೇರಿಯಲ್ಲೇ ದೂರು ಕೊಡಬಹುದು.

ಆದರೆ ಅದೆಲ್ಲ ಆಮೇಲಿನ ಮಾತು. ಹೊಸ ಸಪ್ಪಳ ಕೇಳಿದ ದಿನ ಮಾಡಬೇಕಾದ್ದು ಇಷ್ಟು: ರೇಡಿಯೊ ಆರಿಸಿ, ಗಾಲಿಯ ನಟ್ಟು ಮತ್ತು ಬ್ರೇಕ್ ನೋಡಿ, ಕಾರಿನ ಕೆಳಗೆ ಬಗ್ಗಿ ನೋಡಿ, ಸಪ್ಪಳದ ತಾಳ ಹಿಡಿಯಿರಿ, ಬಿಲ್ ಓದಿ. ಗಾಲಿ ಮತ್ತು ಬ್ರೇಕಿನ ಬಗ್ಗೆ ಎಳ್ಳಷ್ಟು ಅನುಮಾನ ಉಳಿದರೂ ಕಾರನ್ನು ಓಡಿಸಿಕೊಂಡು ಹೋಗಬೇಡಿ, ಟೋಯಿಂಗ್ ಗಾಡಿಯಲ್ಲಿ ಕಳಿಸಿ.